ವ್ಯಾಟ್ ಕೊಂಡವರಿಗೆ ಬೆಳಕು ಸಿಕ್ಕಿತೇ?

ಎಲೆಕ್ಟ್ರಿಕಲ್ ಅಂಗಡಿಯಲ್ಲಿ ನಿಂತು "ಅರವತ್ತರದ್ದೊಂದು ಕೊಡಿ" ಎಂದರೆ ಸಾಕಿದ್ದ ಕಾಲವೊಂದಿತ್ತು. ನಡುಮನೆಗೆ ಅರವತ್ತು, ಬಚ್ಚಲಿಗೆ ನಲವತ್ತು, ಮದುವೆ ಚಪ್ಪರಕ್ಕೆ ನೂರು ಇಲ್ಲವೇ ಇನ್ನೂರು, ಮಲಗುವ ಕೋಣೆಗೆ ಝೀರೋ. ಬಲ್ಬು ಎಂದರೆ ಟಂಗ್‌ಸ್ಟನ್ ತಂತಿಯ ಬಲ್ಬು ಒಂದೇ ಆಗಿದ್ದಾಗ ಈ ಲೆಕ್ಕ ನಡೆಯುತ್ತಿತ್ತು. ವ್ಯಾಟ್ ಹೆಚ್ಚಿದಂತೆ ಬೆಳಕೂ ಹೆಚ್ಚುತ್ತಿತ್ತು, ಎರಡೂ ಒಂದೇ ಎಂದು ನಂಬಿದರೂ ಯಾರಿಗೂ ನಷ್ಟವಿರಲಿಲ್ಲ. ಈಗ ಒಂಬತ್ತು ವ್ಯಾಟಿನ ಎಲ್‌ಇಡಿ ಹಳೆಯ ಅರವತ್ತರ ಬಲ್ಬನ್ನು ಮೀರಿಸುತ್ತದೆ. ನಮ್ಮ ಬಾಯಲ್ಲಿ ಮಾತ್ರ ಇನ್ನೂ ವ್ಯಾಟೇ ಉಳಿದಿದೆ. "ಒಂಬತ್ತರದ್ದು ಸಾಕಾ, ಹನ್ನೆರಡರದ್ದು ಹಾಕಲಾ?" ಎಂದು ಅಂಗಡಿಯವರು ಕೇಳುತ್ತಾರೆ, ನಾವು ಹನ್ನೆರಡರದ್ದು ತರುತ್ತೇವೆ, ಆಮೇಲೆ ಓದಲು ಕೂತರೆ ಪುಸ್ತಕದ ಮೇಲೆ ನಮ್ಮದೇ ತಲೆಯ ನೆರಳು.

ವ್ಯಾಟ್ ಖರ್ಚಿನ ಲೆಕ್ಕ. ದೀಪ ಎಷ್ಟು ವಿದ್ಯುತ್ತನ್ನು ತಿನ್ನುತ್ತದೆ ಎಂಬುದನ್ನು ಹೇಳುತ್ತದೆಯೇ ಹೊರತು ಎಷ್ಟು ಬೆಳಕು ಕೊಡುತ್ತದೆ ಎಂಬುದನ್ನಲ್ಲ. ದೀಪವಿನ್ಯಾಸ ಮಾಡುವವರ ಮಾತಿನಲ್ಲಿ ಬರುವ ಲ್ಯೂಮೆನ್, ಲಕ್ಸ್, ಕ್ಯಾಂಡೆಲಾ, ಕೆಲ್ವಿನ್, ಸಿಆರ್‌ಐ, ಪವರ್ ಫ್ಯಾಕ್ಟರ್ ಎಂಬ ಪದಗಳನ್ನು ಪಠ್ಯಪುಸ್ತಕದವು ಎಂದು ಪಕ್ಕಕ್ಕಿಡುವುದು ನಮ್ಮ ರೂಢಿ. ಮನೆ ಕಟ್ಟಿಸುವವರಿಗೆ, ಶಾಲೆ ನಡೆಸುವವರಿಗೆ, ವಾರ್ಡಿನ ಸಭೆಯಲ್ಲಿ ಬೀದಿದೀಪ ಕೇಳುವವರಿಗೆ ಇವು ಬೇಕೇ ಬೇಕು. ಹತ್ತು ಹನ್ನೆರಡು ವರ್ಷಗಳಲ್ಲಿ ಬೆಳಕು ಅಗ್ಗವಾಯಿತು. ಕಣ್ಣಿಗೆ ಹಿತವಾಯಿತೇ ಎಂದರೆ ಎಲ್ಲ ಕಡೆ ಹೌದು ಎನ್ನಲಾಗದು.

ದೀಪ ಎಲ್ಲ ದಿಕ್ಕಿಗೂ ಸೇರಿ ಹೊರಸೂಸುವ ಒಟ್ಟು ಬೆಳಕು ಲ್ಯೂಮೆನ್. 60 ವ್ಯಾಟಿನ ಹಳೆಯ ಬಲ್ಬು ಸುಮಾರು 700 ಲ್ಯೂಮೆನ್ ಕೊಡುತ್ತಿತ್ತು. ಉಳಿದದ್ದೆಲ್ಲ ಶಾಖ. ಕೋಳಿಮರಿ ಸಾಕುವವರು ಆ ಬಲ್ಬನ್ನು ಕಾವಿಗೆಂದೇ ಉರಿಸುತ್ತಿದ್ದರು. ನಾಲ್ಕಡಿಯ ಟ್ಯೂಬ್‌ಲೈಟು 36 ವ್ಯಾಟಿನಲ್ಲಿ ಸುಮಾರು 2,450 ಲ್ಯೂಮೆನ್ ಕೊಟ್ಟರೂ ತಾಮ್ರದ ಚೋಕ್ ತನ್ನ ಪಾಲಿಗೆ ಇನ್ನೂ ಹತ್ತು ವ್ಯಾಟಿನಷ್ಟು ನುಂಗುತ್ತಿತ್ತು. ಒಳ್ಳೆಯ ಒಂಬತ್ತು ವ್ಯಾಟಿನ ಎಲ್‌ಇಡಿ 900 ಲ್ಯೂಮೆನ್ ಕೊಡುತ್ತದೆ. ಅಂದರೆ ವ್ಯಾಟಿಗೆ ನೂರು. ಹಳೆಯ ಬಲ್ಬಿನಲ್ಲಿ ವ್ಯಾಟಿಗೆ ಹನ್ನೆರಡು ಸಿಗುವುದೇ ಕಷ್ಟವಿತ್ತು. ವ್ಯಾಟಿಗೆ ಇಷ್ಟು ಲ್ಯೂಮೆನ್ ಎಂಬ ಈ ಅಂಕೆಗೆ ಪ್ರಕೃತಿಯೇ ಹಾಕಿದ ಮಿತಿಯೊಂದಿದೆ. ಮನುಷ್ಯನ ಕಣ್ಣಿಗೆ ಅತಿ ಹೆಚ್ಚು ಮುಟ್ಟುವ ಹಸಿರು ಬೆಳಕಿನಲ್ಲೂ ವ್ಯಾಟಿಗೆ 683ಕ್ಕಿಂತ ಹೆಚ್ಚು ಲ್ಯೂಮೆನ್ ಸಾಧ್ಯವಿಲ್ಲ. ಬಿಳಿ ಬೆಳಕಿನಲ್ಲಿ ಆ ಮಿತಿ ಇನ್ನೂ ಕೆಳಗಿದೆ.

ಝೀರೋ ಬಲ್ಬಿನ ಕಥೆ ಇಲ್ಲೇ ಹೇಳಬೇಕು. ಸೊನ್ನೆ ವ್ಯಾಟ್ ಎಂದು ಹೆಸರಿಟ್ಟುಕೊಂಡ ಆ ಬಣ್ಣದ ಬಲ್ಬು ನಿಜದಲ್ಲಿ ಹನ್ನೆರಡರಿಂದ ಹದಿನೈದು ವ್ಯಾಟ್ ತಿನ್ನುತ್ತಿತ್ತು. ಅಷ್ಟು ಸಣ್ಣ ಲೋಡಿಗೆ ಚಕ್ರ ತಿರುಗುವ ಹಳೆಯ ಮೀಟರು ಸರಿಯಾಗಿ ಓಡುತ್ತಿರಲಿಲ್ಲ, ಹಾಗಾಗಿ ಜನ ಅದನ್ನು ಪುಕ್ಕಟೆ ಎಂದುಕೊಂಡರು. ದಿನಕ್ಕೆ ಎಂಟು ಗಂಟೆ ಉರಿದರೆ ತಿಂಗಳಿಗೆ ಮೂರೂವರೆ ಯೂನಿಟ್. ಒಂದು ಯೂನಿಟ್ ಎಂದರೆ ಸಾವಿರ ವ್ಯಾಟ್ ಒಂದು ಗಂಟೆ ಉರಿದ ಲೆಕ್ಕ. ಅಷ್ಟರಲ್ಲಿ ಒಂಬತ್ತು ವ್ಯಾಟಿನ ಎಲ್‌ಇಡಿ 111 ಗಂಟೆ ಉರಿಯುತ್ತದೆ, ಅರವತ್ತರ ಬಲ್ಬು ಹದಿನೇಳು ಗಂಟೆಯೂ ಉರಿಯದು. ಈ ವ್ಯತ್ಯಾಸವನ್ನು ನಂಬಿಯೇ 2015ರ ಜನವರಿಯಲ್ಲಿ ಕೇಂದ್ರ ಸರ್ಕಾರ ಉಜಾಲಾ ಯೋಜನೆ ತಂದಿತು. ಕರ್ನಾಟಕದಲ್ಲಿ ಅದು 'ಹೊಸ ಬೆಳಕು' ಎಂಬ ಹೆಸರಿನಲ್ಲಿ ಬಂತು. ಒಟ್ಟಾಗಿ ಕೊಳ್ಳುವ ದೆಸೆಯಿಂದ 2014ರಲ್ಲಿ 310 ರೂಪಾಯಿ ಇದ್ದ ಬಲ್ಬಿನ ಖರೀದಿ ದರ 2016ರ ಹೊತ್ತಿಗೆ 38ಕ್ಕೆ ಇಳಿಯಿತು. ದೇಶದಲ್ಲಿ ಹಂಚಿಕೆಯಾದ ಬಲ್ಬುಗಳು 36 ಕೋಟಿ ದಾಟಿದವು. ಬೆಳಕಿನ ಬೆಲೆ ಇಷ್ಟು ಬೇಗ ಕುಸಿದದ್ದು ನಮ್ಮ ದೇಶ ಹಿಂದೆಂದೂ ಕಂಡದ್ದಲ್ಲ.

ಹಾಗಿದ್ದರೆ ಡಬ್ಬಿಯ ಮೇಲೆ ಲ್ಯೂಮೆನ್ ನೋಡಿ ಕೊಂಡರೆ ಮುಗಿಯಿತೇ? ಇಲ್ಲ. ಕಾಲುವೆಗೆ ಬಿಟ್ಟ ನೀರೇ ಬೇರೆ, ಕೊನೆಯ ಗದ್ದೆಗೆ ಮುಟ್ಟಿದ ನೀರೇ ಬೇರೆ ಎಂಬುದು ತುಂಗಭದ್ರೆಯ ಅಚ್ಚುಕಟ್ಟಿನವರಿಗೆ ಹೇಳಿಕೊಡಬೇಕಿಲ್ಲ. ದೀಪದಿಂದ ಹೊರಟದ್ದು ಲ್ಯೂಮೆನ್, ಮೇಜಿನ ಮೇಲೆ ಬಿದ್ದದ್ದು ಲಕ್ಸ್. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಲ್ಯೂಮೆನ್ ಬಿದ್ದರೆ ಅದು ಒಂದು ಲಕ್ಸ್. ಹುಣ್ಣಿಮೆಯ ಬೆಳದಿಂಗಳು ಕಾಲು ಲಕ್ಸನ್ನು ಮುಟ್ಟುವುದೂ ಅಪರೂಪ. ಬಿರುಬಿಸಿಲಿನ ಮಧ್ಯಾಹ್ನ ಒಂದು ಲಕ್ಷದ ಆಸುಪಾಸು. ಈ ಎರಡರ ನಡುವಿನ ಹರವಿನಲ್ಲೆಲ್ಲ ಕಣ್ಣು ಹೊಂದಿಕೊಂಡು ನೋಡುತ್ತದೆ. ಅದಕ್ಕೇ ಬರಿಗಣ್ಣಿನಿಂದ "ಬೆಳಕು ಚೆನ್ನಾಗಿದೆ" ಎಂದು ಹೇಳುವ ಅಂದಾಜು ಅಷ್ಟೊಂದು ತಪ್ಪುತ್ತದೆ. ಒಳಾಂಗಣ ಬೆಳಕಿಗೆ ಭಾರತೀಯ ಮಾನಕ ಬ್ಯೂರೋ ಐಎಸ್ 3646 ಎಂಬ ಸಂಹಿತೆಯನ್ನೇ ಮಾಡಿದೆ. ಅದರಂತೆ ತರಗತಿಯ ಮೇಜಿನ ಮೇಲೆ 300 ಲಕ್ಸ್ ಬೇಕು. ಮಧ್ಯೆ ಒಂದೇ ಒಂದು ಟ್ಯೂಬು ಕಟ್ಟಿದ ಶಾಲಾ ಕೊಠಡಿಯಲ್ಲಿ, ಮಳೆಗಾಲದ ಮಧ್ಯಾಹ್ನ, ಹಿಂದಿನ ಬೆಂಚಿನಲ್ಲಿ ಎಷ್ಟು ಲಕ್ಸ್ ಇದ್ದೀತು ಎಂದು ಅಳೆದು ನೋಡುವ ಪದ್ಧತಿ ನಮ್ಮಲ್ಲಿ ಬೆಳೆದಿಲ್ಲ.

ಲಕ್ಸ್‌ನ ವಿಷಯದಲ್ಲಿ ಎರಡು ಸಂಗತಿ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. ಮೊದಲನೆಯದು ದೂರ. ಒಂದು ದಿಕ್ಕಿಗೆ ಹೋಗುವ ಬೆಳಕಿನ ಬಲ ಕ್ಯಾಂಡೆಲಾ. 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ತಿಮಿಂಗಿಲದ ಕೊಬ್ಬಿನ ಮೇಣದಿಂದ ಮಾಡಿದ, ಗಂಟೆಗೆ 120 ಗ್ರೇನ್ ತೂಕ ಉರಿದುಹೋಗುವ ಬತ್ತಿಯನ್ನು ಕಾನೂನಿನಲ್ಲೇ ಅಳತೆಗೋಲು ಎಂದು ಬರೆದಿದ್ದರು. ಇಂದಿನ ಕ್ಯಾಂಡೆಲಾ ಕೂಡ ಹೆಚ್ಚುಕಡಿಮೆ ಆ ಒಂದು ಬತ್ತಿಯಷ್ಟೇ. ಕೆಳಮುಖವಾಗಿ ನೂರು ಕ್ಯಾಂಡೆಲಾ ಬಲದ ದೀಪವೊಂದು ಒಂದು ಮೀಟರ್ ಕೆಳಗೆ 100 ಲಕ್ಸ್ ಕೊಟ್ಟರೆ, ಎರಡು ಮೀಟರ್ ಕೆಳಗೆ 25, ಮೂರು ಮೀಟರಿಗೆ 11. ದೂರ ದುಪ್ಪಟ್ಟಾದರೆ ಬೆಳಕು ಕಾಲುಭಾಗ. ಹತ್ತಡಿ ಎತ್ತರದ ಸೂರಿಗೆ ಹನ್ನೆರಡು ವ್ಯಾಟಿನದು ಹಾಕುವುದಕ್ಕಿಂತ ಮೇಜಿನ ಮೇಲೆ ಐದು ವ್ಯಾಟಿನ ದೀಪ ಇಟ್ಟುಕೊಂಡವನು ಚೆನ್ನಾಗಿ ಓದುತ್ತಾನೆ. ಅಡುಗೆಮನೆಯದೂ ಇದೇ ಕಥೆ. ಕಟ್ಟೆಯ ಮುಂದೆ ನಿಂತವರ ಬೆನ್ನ ಹಿಂದೆ ದೀಪವಿದ್ದರೆ ಎಷ್ಟು ಲ್ಯೂಮೆನ್ ಇದ್ದರೂ ಈಳಿಗೆಮಣೆಯ ಮೇಲೆ ನೆರಳೇ. ಮೇಲಿನ ಕಪಾಟಿನ ಅಡಿಗೆ ಒಂದು ತೆಳು ಪಟ್ಟಿ ದೀಪ ಹಾಕಿಸಿದರೆ ಸಾಕು.

ಎರಡನೆಯದು ಗೋಡೆ. ಸುಣ್ಣ ಹೊಡೆದ ಬಿಳಿ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇ. 70ಕ್ಕೂ ಹೆಚ್ಚನ್ನು ಹಿಂದಿರುಗಿಸುತ್ತದೆ. ಸೌದೆ ಒಲೆಯ ಹೊಗೆ ಹಿಡಿದ ಮಲೆನಾಡಿನ ಅಡುಗೆಮನೆಯ ಗೋಡೆ ಶೇ. 10ನ್ನೂ ಕೊಡದು. ಹತ್ತು-ಹನ್ನೆರಡು ಅಡಿಯ ಕೋಣೆ ಎಂದರೆ ಸುಮಾರು 11 ಚದರ ಮೀಟರ್. ಅಲ್ಲಿ ಸರಾಸರಿ 150 ಲಕ್ಸ್ ಬೇಕೆಂದಿಟ್ಟುಕೊಳ್ಳಿ. ಬರೀ ಗುಣಾಕಾರ ಮಾಡಿದರೆ 1,650 ಲ್ಯೂಮೆನ್ ಸಾಕೆನಿಸುತ್ತದೆ. ದೀಪದಿಂದ ಹೊರಟ ಬೆಳಕಿನಲ್ಲಿ ಕೆಲಸದ ಮಟ್ಟಕ್ಕೆ ಇಳಿಯುವುದು ತಿಳಿಬಣ್ಣದ ಕೋಣೆಯಲ್ಲೂ ಅರ್ಧದಷ್ಟು ಮಾತ್ರ. ಇದನ್ನು ವಿನ್ಯಾಸಕಾರರು ಯುಟಿಲೈಸೇಶನ್ ಫ್ಯಾಕ್ಟರ್ ಎನ್ನುತ್ತಾರೆ. ಧೂಳು ಕೂತು, ದೀಪ ಹಳತಾಗಿ ಕಳೆಯುವುದಕ್ಕೆ ಮೇಂಟೆನೆನ್ಸ್ ಫ್ಯಾಕ್ಟರ್ ಎಂದು 0.8 ಹಿಡಿಯುತ್ತಾರೆ. ಎರಡನ್ನೂ ಲೆಕ್ಕಕ್ಕೆ ತಂದರೆ ಬೇಕಾದದ್ದು 4,100 ಲ್ಯೂಮೆನ್, ಅಂದರೆ ಇಪ್ಪತ್ತು ವ್ಯಾಟಿನ ಎರಡು ಎಲ್‌ಇಡಿ ಬ್ಯಾಟನ್. ಗೋಡೆಗೆ ಕಡುನೀಲಿಯನ್ನೋ ಕಾಫಿ ಬಣ್ಣವನ್ನೋ ಬಳಿಸಿದರೆ ಮೂರನೆಯದೂ ಬೇಕಾದೀತು. ದೀಪಾವಳಿಗೆ ಮುಂಚೆ ಸುಣ್ಣ ಹೊಡೆಸುತ್ತಿದ್ದ ಅಜ್ಜಂದಿರು ಯಾವ ಫ್ಯಾಕ್ಟರನ್ನೂ ಓದಿರಲಿಲ್ಲ, ಆದರೆ ಎಲ್‌ಇಡಿ ಬರುವ ಮೊದಲೇ ಬೆಳಕು ಉಳಿಸುತ್ತಿದ್ದರು.

ಇನ್ನು, ನನ್ನ ಮಟ್ಟಿಗೆ ನಮ್ಮ ಮನೆ-ಬೀದಿಗಳಲ್ಲಿ ಅತಿ ಹೆಚ್ಚು ಕಡೆಗಣಿಸಿದ ಅಳತೆಯ ಮಾತು. ಒಂದು ಮೇಲ್ಮೈ ಕಣ್ಣಿಗೆ ಎಷ್ಟು ಹೊಳೆಯುತ್ತದೆ ಎಂಬುದು ಲೂಮಿನೆನ್ಸ್. ಅದನ್ನು ಚದರ ಮೀಟರಿಗೆ ಇಷ್ಟು ಕ್ಯಾಂಡೆಲಾ ಎಂದು ಅಳೆಯುತ್ತಾರೆ. ಟ್ಯೂಬ್‌ಲೈಟಿನ ಮೈಯ ಹೊಳಪು ಎಂಟು ಹತ್ತು ಸಾವಿರ. ನಾಲ್ಕಡಿ ಉದ್ದಕ್ಕೆ ಬೆಳಕು ಹರಡಿಕೊಂಡಿದ್ದರಿಂದ ಅದನ್ನು ನೇರವಾಗಿ ನೋಡಿದರೂ ಕಣ್ಣು ತಡೆದುಕೊಳ್ಳುತ್ತಿತ್ತು. ಎಲ್‌ಇಡಿಯ ಬರೀ ಚಿಪ್‌ನ ಹೊಳಪು ಹತ್ತು ಲಕ್ಷ ದಾಟುತ್ತದೆ. ಅದೇ ಬೆಳಕು ಸಾಸಿವೆ ಕಾಳಿನಷ್ಟು ಜಾಗದಿಂದ ನುಗ್ಗಿ ಬರುತ್ತದೆ. ಮುಂದೆ ಹಾಲುಬಿಳಿ ಮುಚ್ಚಳವಿಲ್ಲದ ಅಗ್ಗದ ಫ್ಲಡ್‌ಲೈಟನ್ನು ಗೇಟಿನ ಮೇಲೆ ಹಾಕಿಸಿ "ಕಳ್ಳರ ಭಯವಿಲ್ಲ" ಎಂದುಕೊಳ್ಳುವವರಿದ್ದಾರೆ. ಆ ದೀಪದ ಹಿಂದೆ ನಿಂತವನು ಬೀದಿಯಲ್ಲಿ ಹೋಗುವವರಿಗೆ ಕಾಣುವುದೇ ಇಲ್ಲ. ಕಣ್ಣು ಕುಕ್ಕುವ ಬೆಳಕು ನೋಡುವ ಶಕ್ತಿಯನ್ನೇ ಕಸಿಯುತ್ತದೆ, ಅದರಲ್ಲೂ ವಯಸ್ಸಾದವರದ್ದನ್ನು. ಅರವತ್ತು ದಾಟಿದವರ ಕಣ್ಣಿನ ಒಳಪರದೆಗೆ ಮುಟ್ಟುವ ಬೆಳಕು ಇಪ್ಪತ್ತರ ಹರೆಯದವರಿಗೆ ಮುಟ್ಟುವುದರ ಮೂರನೇ ಒಂದು ಪಾಲು ಮಾತ್ರ. ಜೊತೆಗೆ ಮಸುಕಾಗುತ್ತಿರುವ ಮಸೂರದಲ್ಲಿ ಬೆಳಕು ಚೆಲ್ಲಾಡುತ್ತದೆ. ಅವರಿಗೆ ಬೆಳಕು ಹೆಚ್ಚೂ ಬೇಕು, ಕುಕ್ಕುವುದೂ ಬೇಡ. ಮುದುಕರಿರುವ ಮನೆಗೆ ದೀಪ ಆಯ್ದುಕೊಳ್ಳುವಾಗ ಈ ಎರಡನ್ನೂ ಒಟ್ಟಿಗೆ ನೆನೆಯಬೇಕು. ಈ ಕುಕ್ಕುವಿಕೆಯನ್ನು ಅಳೆಯಲು ಕಚೇರಿಗಳಿಗೆ ಯುಜಿಆರ್ ಎಂಬ ಅಂಕೆ ಇದೆ, ಅದು 19ರ ಒಳಗಿರಬೇಕು. ಮನೆಯ ದೀಪದ ಡಬ್ಬಿಯ ಮೇಲೆ ಅದು ಕಾಣುವುದು ತೀರಾ ಅಪರೂಪ.

ಇದೇ ಹೊಳಪನ್ನು ಹದವಾಗಿ ಬಳಸಿದ ಕಡೆ ನೋಡಬೇಕಿದ್ದರೆ ಮೈಸೂರು ಅರಮನೆಯ ಮುಂದೆ ಭಾನುವಾರ ಸಂಜೆ ನಿಲ್ಲಬೇಕು. ಒಂದು ಲಕ್ಷದ ಹತ್ತಿರ ಸಣ್ಣ ಹಳದಿ ಬಲ್ಬುಗಳು ಕಮಾನು, ಗೋಪುರ, ಗುಮ್ಮಟಗಳ ಅಂಚಿಗೆ ಸಾಲಾಗಿ ಕೂತಿವೆ. ಆ ದೀಪಗಳು ಕಟ್ಟಡದ ಮೇಲೆ ಬೆಳಕು ಬೀರಲು ಇಟ್ಟವಲ್ಲ, ತಾವೇ ಗೆರೆಯಾಗಿ ನಿಂತು ಕತ್ತಲೆಯಲ್ಲಿ ಕಟ್ಟಡದ ಚಿತ್ರ ಬರೆಯುತ್ತವೆ. ಪ್ರತಿ ಬಿಂದುವೂ ಮಂದ, ಒಟ್ಟು ನೋಟ ವೈಭವ. ನಮ್ಮ ಹೊಸ ಕಟ್ಟಡಗಳಿಗೆ ಕೆಳಗಿನಿಂದ ನೇರಳೆ, ಹಸಿರು ಫ್ಲಡ್‌ಲೈಟು ಹೊಡೆಯುವವರು ಒಮ್ಮೆ ಅಲ್ಲಿ ಹೋಗಿ ನಿಂತು ಬಂದರೆ ಒಳ್ಳೆಯದು.

ಬಣ್ಣದ ವಿಷಯಕ್ಕೆ ಎರಡು ಅಳತೆಗಳಿವೆ, ಜನ ಎರಡನ್ನೂ ಕಲಸಿಬಿಡುತ್ತಾರೆ. ಬೆಳಕು ಹಳದಿಯೋ ನೀಲಿಮಿಶ್ರಿತ ಬಿಳಿಯೋ ಎಂದು ಹೇಳುವುದು ಕೆಲ್ವಿನ್. ಮೇಣದ ಬತ್ತಿ 1,900, ಹಳೆಯ ಬಲ್ಬು 2,700, ಡಬ್ಬಿಯ ಮೇಲೆ 'ಕೂಲ್ ಡೇಲೈಟ್' ಎಂದಿರುವುದು 6,500. ಇಲ್ಲಿ ಲೆಕ್ಕ ತಿರುಗುಮುರುಗು. ಕಣ್ಣಿಗೆ ಬೆಚ್ಚಗೆ ಕಾಣುವ ಹಳದಿಗೆ ಕಡಿಮೆ ಕೆಲ್ವಿನ್, ತಣ್ಣಗೆ ಕಾಣುವ ನೀಲಿಬಿಳಿಗೆ ಹೆಚ್ಚು. ಟ್ಯೂಬ್‌ಲೈಟು ಬಂದ ಮೇಲೆ ನಮ್ಮ ಜನಕ್ಕೆ ಬಿಳಿ ಎಂದರೆ ಹೊಸದು, ಹಳದಿ ಎಂದರೆ ಬಡತನ ಎಂಬ ಭಾವನೆ ಹತ್ತಿತು. ಈಗ ಹೋಟೆಲು, ಕೆಫೆಗಳು ದುಡ್ಡು ಕೊಟ್ಟು ಹಳದಿಯನ್ನೇ ಹಾಕಿಸುತ್ತಿವೆ. ಓದುವ, ಕೊಯ್ಯುವ, ಹೊಲಿಯುವ ಕಡೆ 4,000, ಊಟ-ಮಾತುಕತೆಯ ಕಡೆ 3,000, ಮಲಗುವ ಕೋಣೆಯಲ್ಲಿ ಅದಕ್ಕೂ ಕಡಿಮೆ. ಮನೆಗೆ 6,500 ಎಲ್ಲೂ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ, ಒಪ್ಪದವರು ಬಹಳ ಮಂದಿ ಇದ್ದಾರೆ.

ಎರಡನೆಯದು ಸಿಆರ್‌ಐ. ವಸ್ತುಗಳ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎಂದು ಹೇಳುವ ಅಂಕೆ, ಪೂರ್ಣ ಅಂಕ ನೂರು. ಹಳೆಯ ಬಲ್ಬಿಗೆ ನೂರಕ್ಕೆ ನೂರು, ಒಳ್ಳೆಯ ಎಲ್‌ಇಡಿಗೆ 80ರಿಂದ 90ರ ಮೇಲೆ, ಬೀದಿಯಲ್ಲಿ ಕಿತ್ತಳೆ ಬಣ್ಣಕ್ಕೆ ಉರಿಯುತ್ತಿದ್ದ ಸೋಡಿಯಂ ದೀಪಕ್ಕೆ ಇಪ್ಪತ್ತರ ಚಿಲ್ಲರೆ. ಆ ದೀಪದಡಿ ನಿಲ್ಲಿಸಿದ ಕೆಂಪು ಸ್ಕೂಟರನ್ನು ಕಂದು ಎಂದುಕೊಂಡು ಗುರುತಿಸದೆ ಹೋದವರಿದ್ದಾರೆ. ಚಿಕ್ಕಪೇಟೆಯಲ್ಲಿ ಸೀರೆ ಕೊಳ್ಳುವ ಹೆಂಗಸರು "ಸ್ವಲ್ಪ ಹೊರಗೆ ತನ್ನಿ, ಬಿಸಿಲಲ್ಲಿ ನೋಡೋಣ" ಎಂದು ಸೆರಗು ಹಿಡಿದು ಬಾಗಿಲಿಗೆ ಬರುವುದು ಸಿಆರ್‌ಐ ಪರೀಕ್ಷೆಯೇ. ಒಳಗಿನ ದೀಪದಲ್ಲಿ ಒಂದೇ ಥರ ಕಂಡ ಮೈಬಣ್ಣ, ಅಂಚಿನ ಬಣ್ಣ ಹೊರಗೆ ಬೇರೆಯಾಗಬಹುದು. ಈ ಅಂಕೆಯಲ್ಲೂ ಒಂದು ಕಳ್ಳಗಿಂಡಿ ಇದೆ. ಅದನ್ನು ಎಂಟು ತಿಳಿಬಣ್ಣಗಳ ಮೇಲೆ ಲೆಕ್ಕ ಹಾಕುತ್ತಾರೆ, ಕಡುಗೆಂಪು ಅದರಲ್ಲಿಲ್ಲ. ಹಾಗಾಗಿ 80 ಎಂದು ಬರೆದ ಎಲ್‌ಇಡಿಯ ಕೆಳಗೆ ಕುಂಕುಮ, ಟೊಮೆಟೊ, ಮನುಷ್ಯರ ಮೈಬಣ್ಣ ಸಪ್ಪೆಯಾಗಿ ಕಾಣುತ್ತವೆ. ಕಡುಗೆಂಪಿನ ಅಂಕೆಯನ್ನು ಆರ್9 ಎಂದು ಬೇರೆಯಾಗಿ ಕೊಡುತ್ತಾರೆ. ಬಟ್ಟೆ ಅಂಗಡಿ, ಅಡುಗೆಮನೆ, ರಂಗಮಂದಿರಗಳಿಗೆ ಅದನ್ನು ಕೇಳಿ ಪಡೆಯಬೇಕು.

ಯಕ್ಷಗಾನದ ಆಟ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ದೊಂದಿಯ ಬೆಳಕಿನಲ್ಲಿ ಹುಟ್ಟಿದ ವೇಷ ಅದು. ಕೆಂಪು, ಕಪ್ಪು, ಹಳದಿಯ ಮುಖವರ್ಣಿಕೆ, ಕಿರೀಟದ ಮೇಲಿನ ಹೊಳಪಿನ ಚೂರುಗಳು, ಎಲ್ಲವೂ ಎರಡು ಸಾವಿರ ಕೆಲ್ವಿನ್ನಿನ ಆಸುಪಾಸಿನ, ಅಲ್ಲಾಡುವ ಜ್ವಾಲೆಗೆ ಒಗ್ಗಿದವು. ಬೆಳಕು ಪಕ್ಕದಿಂದ ಬರುತ್ತಿತ್ತು, ಹಾಗಾಗಿ ಮೂಗಿನ ನೆರಳೂ ವೇಷದ ಭಾಗ. ದೊಂದಿ ಹೋಗಿ ಗ್ಯಾಸ್‌ಲೈಟು ಬಂತು, ಅದು ಹೋಗಿ ಟ್ಯೂಬ್‌ಲೈಟು ಬಂತು. ಮೇಲಿನಿಂದ ಸಮನಾಗಿ ಸುರಿಯುವ ಬಿಳಿ ಬೆಳಕಿನಲ್ಲಿ ಕಿರೀಟ ಬೇಗಡೆ ಕಾಗದದಂತೆಯೂ ಬಣ್ಣದ ವೇಷ ಬರೀ ಬಣ್ಣ ಬಳಿದ ಮುಖದಂತೆಯೂ ಕಾಣತೊಡಗಿತು. ದೊಂದಿ ಬೆಳಕಿನ ಆಟಗಳನ್ನು ಈಗಲೂ ಅಲ್ಲಲ್ಲಿ ಆಡಿಸುತ್ತಾರೆ. ಹಳೆಯದರ ಮೋಹದಿಂದ ಅಷ್ಟೇ ಎಂದು ಅದನ್ನು ತಳ್ಳಿಹಾಕುವಂತಿಲ್ಲ, ಆ ವೇಷಕ್ಕೆ ಆ ಬೆಳಕೇ ಸರಿ.

ವಿದ್ಯುತ್ತಿನ ಪದಗಳಿಗೆ ಬಂದರೆ, ನಮ್ಮ ಮನೆಗೆ ಬರುವ ಒತ್ತಡ 230 ವೋಲ್ಟ್, ದಿಕ್ಕು ಬದಲಿಸುವುದು ಸೆಕೆಂಡಿಗೆ 50 ಆವರ್ತ. ಕಾಗದದ ಮೇಲೆ ಹಾಗೆ. ಸಂಜೆ ಹೊತ್ತು ಪಂಪ್‌ಸೆಟ್ಟುಗಳೆಲ್ಲ ಓಡತೊಡಗಿದಾಗ ಟ್ರಾನ್ಸ್‌ಫಾರ್ಮರಿನಿಂದ ದೂರದ ಮನೆಗೆ 180 ಸಿಗುವುದೂ ಇದೆ. ವೋಲ್ಟೇಜು ಶೇ. 20 ಇಳಿದರೆ ಬೆಳಕೂ ಶೇ. 20 ಇಳಿದೀತು ಎಂದುಕೊಳ್ಳುವುದು ಸಹಜ. ತಂತಿಯ ಬಲ್ಬಿನಲ್ಲಿ ಹಾಗಾಗದು. 180 ವೋಲ್ಟಿಗೆ ಅದು ತನ್ನ ಅರ್ಧಕ್ಕಿಂತ ಕಡಿಮೆ ಬೆಳಕು ಕೊಡುತ್ತಿತ್ತು, ಕೆಂಡದಂತೆ ಕೆಂಪಾಗುತ್ತಿತ್ತು. ಟ್ಯೂಬ್‌ಲೈಟಂತೂ ಮಿಣುಕಿ ಮಿಣುಕಿ ಹತ್ತುತ್ತಲೇ ಇರಲಿಲ್ಲ. ವಿದ್ಯುತ್ತನ್ನು ಹದಮಾಡಿ ಕೊಡುವ ಒಳಗಿನ ಸರ್ಕೀಟು, ಅಂದರೆ ಡ್ರೈವರ್, ಒಳ್ಳೆಯದಿರುವ ಎಲ್‌ಇಡಿ 150ಕ್ಕೂ 250ಕ್ಕೂ ಒಂದೇ ಬೆಳಕು ಕೊಡುತ್ತದೆ. ಹಳ್ಳಿಯ ಮಕ್ಕಳ ಪರೀಕ್ಷೆಯ ಓದಿಗೆ ಈ ಗುಣ ಮಾಡಿದ ಉಪಕಾರ ಕರೆಂಟು ಬಿಲ್ಲಿನ ಉಳಿತಾಯಕ್ಕಿಂತ ದೊಡ್ಡದು.

ಲೋ ವೋಲ್ಟೇಜಿಗಿಂತ ಅಪಾಯದ್ದು ನ್ಯೂಟ್ರಲ್ ಕಡಿದುಹೋಗುವುದು. ಮೂರು ಫೇಸುಗಳ ಮನೆಗಳಿಗೆಲ್ಲ ನ್ಯೂಟ್ರಲ್ ಒಂದೇ. ಗಾಳಿಮಳೆಗೆ ಅದು ತುಂಡಾದರೆ ಒಂದು ಮನೆಯಲ್ಲಿ ದೀಪ ಮಂಕಾಗಿ, ಪಕ್ಕದ ಮನೆಯಲ್ಲಿ 300 ವೋಲ್ಟ್ ದಾಟಿ ಬಲ್ಬು, ಟಿವಿ, ಫ್ರಿಜ್ಜು ಸುಟ್ಟುಹೋಗುತ್ತವೆ. ದೀಪ ಇದ್ದಕ್ಕಿದ್ದಂತೆ ಎಂದಿಗಿಂತ ಹೆಚ್ಚು ಬೆಳಗಿದರೆ ಸಂಭ್ರಮಪಡದೆ ಮೊದಲು ಮೇನ್ ಸ್ವಿಚ್ ತೆಗೆಯಬೇಕು. ಸ್ವಿಚ್ ಆಫ್ ಮಾಡಿದರೂ ಎಲ್‌ಇಡಿ ಮಿಣಮಿಣ ಎನ್ನುತ್ತಿದ್ದರೆ ಎಷ್ಟೋ ಸಲ ವೈರಿಂಗ್ ಮಾಡಿದವನು ಫೇಸಿನ ಬದಲು ನ್ಯೂಟ್ರಲ್‌ಗೆ ಸ್ವಿಚ್ ಕೊಟ್ಟಿರುತ್ತಾನೆ. ಅಂಥ ಹೋಲ್ಡರಿನಲ್ಲಿ ದೀಪ ಆರಿದಾಗಲೂ ಕರೆಂಟು ಇರುತ್ತದೆ.

ಪವರ್ ಫ್ಯಾಕ್ಟರ್ ಎಂಬುದನ್ನು ಕೇಳಿ ಮನೆಯವರು ಗಾಬರಿಯಾಗಬೇಕಿಲ್ಲ. ತಂತಿಯಲ್ಲಿ ಹರಿದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬಂದದ್ದು ಎಷ್ಟು ಎಂಬ ಪ್ರಮಾಣ ಅದು. ಹಳೆಯ ಚೋಕಿನ ಟ್ಯೂಬಿಗೆ ಸುಮಾರು 0.5. ಮನೆ ಮೀಟರು ಅದನ್ನು ಎಣಿಸುವುದಿಲ್ಲ, ಕಾರ್ಖಾನೆ ನಡೆಸುವವರಿಗೆ ದಂಡ ಬೀಳುತ್ತದೆ. ಮನೆಯವರು ಗಮನಿಸಬೇಕಾದದ್ದು ಮಿಡಿತ. ಸೆಕೆಂಡಿಗೆ 50 ಆವರ್ತದ ವಿದ್ಯುತ್ತಿನಲ್ಲಿ ಬೆಳಕು ಸೆಕೆಂಡಿಗೆ ನೂರು ಸಲ ಏರಿ ಇಳಿಯುತ್ತದೆ. ಕಾದ ಟಂಗ್‌ಸ್ಟನ್ ತಂತಿ ಅಷ್ಟರಲ್ಲಿ ಆರುತ್ತಿರಲಿಲ್ಲ. ಅಗ್ಗದ ಎಲ್‌ಇಡಿ ಪೂರ್ತಿ ಆರಿ ಹತ್ತುತ್ತದೆ. ಕಣ್ಣಿಗೆ ಕಾಣದಿದ್ದರೂ ತಲೆನೋವು ಬರುವವರಿದ್ದಾರೆ. ಫೋನಿನ ಕ್ಯಾಮೆರಾವನ್ನು ದೀಪಕ್ಕೆ ಹಿಡಿದರೆ ಪರದೆಯ ಮೇಲೆ ಕಪ್ಪು ಪಟ್ಟಿಗಳು ಓಡುತ್ತವೆ, ಅಂಥದ್ದನ್ನು ಓದುವ ಮೇಜಿಗೆ ಹಾಕಬಾರದು. ಲೇತ್ ಇರುವ ವರ್ಕ್‌ಶಾಪಿನಲ್ಲಿ ಇದು ಪ್ರಾಣಕ್ಕೇ ಎರವಾದೀತು, ತಿರುಗುತ್ತಿರುವ ಚಕ್ರ ನಿಂತಂತೆ ಕಾಣುತ್ತದೆ. ಅಲ್ಲಿ ಅಕ್ಕಪಕ್ಕದ ದೀಪಗಳನ್ನು ಬೇರೆ ಬೇರೆ ಫೇಸಿಗೆ ಕೊಡುವುದು ಹಳೆಯ ಪದ್ಧತಿ.

ಡಬ್ಬಿಯ ಮೇಲಿನ '25,000 ಗಂಟೆ' ಎಂಬುದರ ಬಗ್ಗೆ ಒಂದು ಮಾತು. ಬೆಳಕು ಮೊದಲಿನ ಶೇ. 70ಕ್ಕೆ ಇಳಿಯುವವರೆಗಿನ ಅವಧಿಯನ್ನು ಎಲ್70 ಎನ್ನುತ್ತಾರೆ, ಆ ಸಂಖ್ಯೆ ಸಾಮಾನ್ಯವಾಗಿ ಅದೇ. ದಿನಕ್ಕೆ ಆರು ಗಂಟೆಯಂತೆ ಹನ್ನೊಂದು ವರ್ಷ. ಎರಡೇ ವರ್ಷಕ್ಕೆ ಹೋಗುವ ಬಲ್ಬಿನಲ್ಲಿ ಎಷ್ಟೋ ಸಲ ಎಲ್‌ಇಡಿ ಸರಿಯಾಗಿಯೇ ಇರುತ್ತದೆ, ಡ್ರೈವರಿನ ಕೆಪಾಸಿಟರು ಬಿಸಿಗೆ ಒಣಗಿರುತ್ತದೆ. ಗಾಳಿಯಾಡದ ಗಾಜಿನ ಬುರುಡೆಯೊಳಗೆ ಎಲ್‌ಇಡಿ ಬಲ್ಬು ಹಾಕಬಾರದು ಎನ್ನುವುದು ಇದಕ್ಕೇ.

ಕೊನೆಗೆ ಬೀದಿ. ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿ ಮೊದಲು ಕೋಲಾರದ ಚಿನ್ನದ ಗಣಿಗೆ ಹೋದ ವಿದ್ಯುತ್ತು 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗೆ ಬಂತು. ನೂರಿಪ್ಪತ್ತು ವರ್ಷ ಕಳೆದರೂ ನಾವು ಕೇಳುವುದು ಕಂಬ, ದೀಪ, ವ್ಯಾಟ್. ಬೀದಿದೀಪದ ಸಂಹಿತೆ ಐಎಸ್ 1944 ಕೇಳುವುದು ಬೇರೆ. ಹೆಚ್ಚು ವಾಹನ ಓಡಾಡುವ ಮುಖ್ಯ ರಸ್ತೆಯ ಮೇಲೆ ಸರಾಸರಿ 30 ಲಕ್ಸ್ ಇರಬೇಕು, ಅತಿ ಕತ್ತಲೆಯ ಜಾಗದಲ್ಲೂ ಆ ಸರಾಸರಿಯ ಶೇ. 40 ಇರಬೇಕು ಎನ್ನುತ್ತದೆ. ಎರಡನೆಯ ಷರತ್ತೇ ಮುಖ್ಯ. ಕಂಬದ ಬುಡದಲ್ಲಿ 60 ಲಕ್ಸ್ ಸುರಿದು ಎರಡು ಕಂಬಗಳ ನಡುವೆ ಎರಡೂ ಇಲ್ಲದ ರಸ್ತೆಯಲ್ಲಿ ಹೊಂಡ ಕಾಣುವುದಿಲ್ಲ, ಏಕೆಂದರೆ ಕಣ್ಣು ಬೆಳಕಿನ ಜಾಗಕ್ಕೆ ಹೊಂದಿಕೊಂಡಿರುತ್ತದೆ. ಮಳೆಮರಗಳ ಕೊಂಬೆಗಳ ಮೇಲೆ ದೀಪ ಉರಿಯುವ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಎಲೆಗಳಿಗೆ ಒಳ್ಳೆಯ ಬೆಳಕು, ಫುಟ್‌ಪಾತಿಗೆ ಕತ್ತಲೆ. ಮರ ಕಡಿಯಬೇಕಿಲ್ಲ, ಕೊಂಬೆಯ ಕೆಳಗೆ ಬರುವಂತೆ ಗಿಡ್ಡ ಕಂಬದ ಸಣ್ಣ ದೀಪ ಹಾಕಿದರಾಯಿತು.

ಮುಂದಿನ ಸಲ ನಿಮ್ಮ ವಾರ್ಡಿನಲ್ಲಿ ಬೀದಿದೀಪ ಬದಲಿಸಲು ಬಂದರೆ ಎಷ್ಟು ವ್ಯಾಟಿನದು ಎಂದು ಕೇಳಬೇಡಿ. ಎರಡು ಕಂಬಗಳ ನಡುವೆ, ಫುಟ್‌ಪಾತಿನ ಮೇಲೆ, ಲಕ್ಸ್ ಮೀಟರ್ ಇಟ್ಟು ಅಳೆದು ತೋರಿಸಿ ಎನ್ನಿ. ಆ ಮೀಟರು ಕೆಲವೇ ಸಾವಿರ ರೂಪಾಯಿಗೆ ಸಿಗುತ್ತದೆ.